ಆಪಾಳ ಮಾತು

"ಲಾಯರಮ್ಮಾ, ಮೊದ್ಲು ಇವ್ರನ್ನ ಕೂತ್ಕೋ ಅನ್ನಿ. ಆಮೇಲೆ ಬೇಕಾದ್ರೆ ಆಗಲ್ಲ ಅನ್ನಿ," ಎಂದಳು ಅಕ್ಕಯ್ಯಮ್ಮ.

ಕಲಾವತಿ ಪೊಲೀಸ್ ಕಚೇರಿಯ ನೋಟಿಸನ್ನು ಕೈಯಲ್ಲಿ ಹಿಡಿದು ನಿಂತೇ ಓದುತ್ತಿದ್ದಳು. ಮೇಜಿನ ಮೇಲೆ ಮಧ್ಯಾಹ್ನದ ಊಟದ ಡಬ್ಬಿ ತೆರೆದಿತ್ತು. ವಿಜಯನಗರದ ಆ ಜೆರಾಕ್ಸ್ ಅಂಗಡಿಯ ಮೇಲಿನ ಒಂಟಿ ಕೋಣೆಗೆ ಮೆಟ್ಟಿಲು ಹತ್ತಿ ಬರುತ್ತಿದ್ದವರು ಸಾಮಾನ್ಯವಾಗಿ ಲಾರಿ ಗುದ್ದಿ ಕಾಲು ಮುರಿದುಕೊಂಡವರು, ಇಲ್ಲವೇ ಬಾಡಿಗೆಯವರನ್ನು ಬಿಡಿಸಲಾಗದೆ ಸೋತ ಮನೆ ಮಾಲೀಕರು. ಅಕ್ಕಯ್ಯಮ್ಮ ಪರಿಚಯವಾದದ್ದೂ ಹಾಗೆಯೇ. ಮಾಗಡಿ ರಸ್ತೆಯಲ್ಲಿ ಅವಳ ಗಂಡನಿಗೆ ಟೆಂಪೋ ಗುದ್ದಿದಾಗ ಕಲಾವತಿ ಪರಿಹಾರದ ಕೇಸು ನಡೆಸಿಕೊಟ್ಟಿದ್ದಳು. ಅಂದಿನಿಂದ ಗೋವಿಂದರಾಜನಗರದ ತನ್ನ ಬೀದಿಯಲ್ಲಿ ಯಾರಿಗೆ ಏನು ತಕರಾರು ಬಂದರೂ ಮುದುಕಿ ಅವರ ಕೈಹಿಡಿದು ಇಲ್ಲಿಗೇ ಕರೆತರುತ್ತಿದ್ದಳು. ಆದರೆ ಒಂದು ವಾರದೊಳಗೆ ಭಾರತ ಬಿಟ್ಟು ಹೋಗತಕ್ಕದ್ದು ಎಂಬ ಕಾಗದವನ್ನು ಕಲಾವತಿ ಕಂಡದ್ದು ಇದೇ ಮೊದಲು.

"ಕೂತ್ಕೊಳ್ಳಿ," ಎಂದಳು.

ಬಂದವರು ಅಕ್ಕತಂಗಿಯರು. ತಂಗಿ ಖಮರುನ್ನಿಸಾಗೆ ನಲವತ್ತು ದಾಟಿರಬೇಕು. ಕಪ್ಪು ಬುರ್ಖಾ, ಮುಖ ಮುಚ್ಚಿರಲಿಲ್ಲ. ಊದುಬತ್ತಿ ಹೊಸೆದು ಹೊಸೆದು ಬೆರಳುಗಳಿಗೆ ಇದ್ದಿಲಿನ ಬಣ್ಣ ಹಿಡಿದಿತ್ತು. ಅಕ್ಕ ಬಿಲ್ಖೀಸ್ ಅವಳಿಗಿಂತ ಹತ್ತು ವರ್ಷಕ್ಕೆ ದೊಡ್ಡವಳು, ತಲೆಯ ಮೇಲೆ ಸೀರೆಯ ಸೆರಗು. ಹುಟ್ಟಿದಾಗಿನಿಂದ ಕಿವಿ ಕೇಳಿಸದು, ಹಾಗಾಗಿ ಮಾತೂ ಬಾರದು. ಅವಳು ಕುರ್ಚಿಯ ತುದಿಯಲ್ಲಿ ಕೂತು ಕೋಣೆಯ ಒಂದೊಂದೇ ವಸ್ತುವನ್ನು ನೋಡತೊಡಗಿದಳು.

"ನೀವು ಪಾಕಿಸ್ತಾನದವರಾ?" ಎಂದು ಕೇಳಿದಳು ಕಲಾವತಿ.

"ಪಾಸ್‌ಪೋರ್ಟ್ ಅಲ್ಲಿದು ಮೇಡಂ. ನಾನು ಹುಟ್ಟಿದ್ದು ಪಾದರಾಯನಪುರದಲ್ಲಿ. ನಾಲ್ಕನೇ ಕ್ಲಾಸ್‌ವರೆಗೂ ಕನ್ನಡ ಇಸ್ಕೂಲು."

ಅವಳ ಸೋದರತ್ತೆ ಬಹಳ ಹಿಂದೆಯೇ ಕರಾಚಿ ಸೇರಿದ್ದಳು. ಖಮರುನ್ನಿಸಾಳನ್ನು ಅತ್ತೆಯ ಮಗನಿಗೇ ಕೊಟ್ಟು ಮದುವೆ ಮಾಡಿ ಕಳಿಸಿದರು. ಅಲ್ಲಿ ಬೆಂಗಳೂರು ಟೌನ್ ಅಂತಲೇ ಒಂದು ಬಡಾವಣೆ ಇದೆಯಂತೆ, ಅದರ ಹತ್ತಿರವೇ ಮನೆ. ಒಬ್ಬ ಮಗ ಹುಟ್ಟಿದ. ಗಂಡ ಎದೆನೋವಿನಿಂದ ತೀರಿಕೊಂಡ. ನಾಲ್ಕು ವರ್ಷದ ಹಿಂದೆ ಇಲ್ಲಿ ತಾಯಿ ಸತ್ತ ಸುದ್ದಿ ಬಂದಾಗ ಒಂದು ತಿಂಗಳ ಮಟ್ಟಿಗೆಂದು ಬಂದಳು. ಬಂದು ನೋಡಿದರೆ ಆಪಾ, ಅಂದರೆ ಈ ಅಕ್ಕ, ಒಬ್ಬಳೇ ಇದ್ದಳು. ತಿಂಗಳು ಕಳೆಯಿತು, ಇವಳು ಹೋಗಲಿಲ್ಲ. ಅರ್ಜಿ ಕೊಟ್ಟು ವರ್ಷ ವರ್ಷಕ್ಕೆ ವೀಸಾ ಮುಂದುವರಿಸಿಕೊಂಡಳು. ಹೋದ ವರ್ಷ ಅರ್ಜಿ ಕೊಡಬೇಕಾದ ಹೊತ್ತಿಗೆ ಆಪಾ ಕಾಮಾಲೆ ಏರಿ ಆಸ್ಪತ್ರೆ ಸೇರಿದ್ದಳು. ಅಕ್ಕನ ಹಾಸಿಗೆಯ ಪಕ್ಕದಲ್ಲಿ ಕೂತವಳಿಗೆ ತಾರೀಖಿನ ನೆನಪೇ ಉಳಿಯಲಿಲ್ಲ.

"ಬೇರೆ ಲಾಯರ್ ಯಾರನ್ನೂ ನೋಡಿಲ್ವಾ?"

"ಇಬ್ಬರ ಹತ್ರ ಹೋಗಿದ್ವಿ. ಒಬ್ಬರು ಗೇಟಲ್ಲೇ ಬೇಡ ಅಂದ್ರು. ಇನ್ನೊಬ್ಬರು ಪಾಸ್‌ಪೋರ್ಟ್ ನೋಡಿ ಕೈ ತೊಳ್ಕೊಳ್ಳೋಕೆ ಎದ್ದು ಹೋದ್ರು, ವಾಪಸ್ ಬರಲಿಲ್ಲ." ಖಮರುನ್ನಿಸಾ ಇದನ್ನು ದೂರಿನಂತೆ ಹೇಳಲಿಲ್ಲ, ಬಸ್ಸು ತಪ್ಪಿತು ಅನ್ನುವ ಹಾಗೆ ಹೇಳಿದಳು.

ಅದು ಎರಡು ಸಾವಿರದ ಎರಡರ ಜೂನ್ ತಿಂಗಳು. ಆರು ತಿಂಗಳಿಂದ ಎರಡೂ ದೇಶಗಳ ಸೈನ್ಯ ಗಡಿಯಲ್ಲಿ ಎದುರುಬದುರು ನಿಂತಿತ್ತು. ಯುದ್ಧ ಇವತ್ತೋ ನಾಳೆಯೋ ಎಂದು ಪತ್ರಿಕೆಗಳು ಬರೆಯುತ್ತಿದ್ದವು. ಕೋರ್ಟಿನ ಕ್ಯಾಂಟೀನಿನಲ್ಲೂ ಅದೇ ಮಾತು. ಕಲಾವತಿ ಹೈಕೋರ್ಟಿನಲ್ಲಿ ಎದ್ದು ನಿಂತು ಮಾತಾಡಿದ್ದು ಅದುವರೆಗೆ ಒಂದೇ ಒಂದು ಸಲ, ಅದೂ ಮುಂದಿನ ದಿನಾಂಕ ಕೇಳಲು. ಈ ಕಾಲದಲ್ಲಿ ಈ ಪಾಸ್‌ಪೋರ್ಟ್ ಹಿಡಿದು ಅಲ್ಲಿಗೆ ಹೋಗುವುದೆಂದರೆ ಹೇಗೆ? ಹೈಕೋರ್ಟಿನ ಕೆಲಸ ಗೊತ್ತಿರುವವರ ಹೆಸರು ಕೊಟ್ಟು ಕಳಿಸಿಬಿಡೋಣ ಎಂದುಕೊಂಡು ಬಾಯಿ ತೆರೆದಳು.

ಅಷ್ಟರಲ್ಲಿ ಬಿಲ್ಖೀಸ್ ಎದ್ದು ಬಂದು ಊಟದ ಡಬ್ಬಿಯ ಮುಚ್ಚಳ ಮುಚ್ಚಿದಳು. ನೊಣ ಓಡಿಸುವಂತೆ ಕೈಬೀಸಿ, ಡಬ್ಬಿಯನ್ನು ಕಲಾವತಿಯತ್ತ ಸರಿಸಿ, ತಂಗಿಯ ಕಡೆ ತಿರುಗಿ ಎರಡು ಬೆರಳು ಆಡಿಸಿದಳು.

"ಏನಂತಿದಾರೆ?"

"ಊಟ ಆರೋಗ್ತಿದೆ, ಮೊದ್ಲು ತಿನ್ನಲಿ, ನಾವು ಹೊರಗೆ ಕೂತಿರೋಣ ಅಂತಿದಾಳೆ," ಎಂದು ಖಮರುನ್ನಿಸಾ ಎದ್ದೇಬಿಟ್ಟಳು.

ಮೂವರೂ ಹೊರಗೆ ಮೆಟ್ಟಿಲ ಮೇಲೆ ಕೂತರು. ಕಲಾವತಿ ಡಬ್ಬಿ ತೆರೆದಳು, ಎರಡು ತುತ್ತು ತಿಂದಳು. ಮೂರನೆಯದನ್ನು ಅಲ್ಲೇ ಬಿಟ್ಟು ಡಬ್ಬಿ ಮುಚ್ಚಿದಳು. ಹೊರಗೆ ಬಂದು, "ನಾಳೆ ಬೆಳಿಗ್ಗೆ ನಿಮ್ಮನೆಗೆ ಬರ್ತೀನಿ. ಇರೋ ಕಾಗದ ಎಲ್ಲಾ ತೆಗೆದಿಟ್ಟಿರಿ," ಎಂದಳು.

ಆ ಸಂಜೆ ಅವಳು ರಾಜಾಜಿನಗರಕ್ಕೆ ಹೋಗಿ ಶಂಭುಲಿಂಗಪ್ಪನವರ ಮನೆಯ ಗಂಟೆ ಒತ್ತಿದಳು. ದಾವಣಗೆರೆ ಕಡೆಯ ಆ ಹಿರಿಯ ವಕೀಲರ ಬಳಿ ಅವಳು ಕೆಲಸ ಕಲಿತದ್ದು. ಈಗ ಅವರು ಕೋರ್ಟಿಗೆ ಹೋಗುವುದು ಕಡಿಮೆ. ಎಲ್ಲವನ್ನೂ ಕೇಳಿಸಿಕೊಂಡ ಮೇಲೆ ವಿಭೂತಿಯ ಹಣೆಯನ್ನು ಉಜ್ಜಿಕೊಂಡರು.

"ನೋಡವಾ ಕಲಾವತಿ, ಈ ಕೇಸು ಹಿಡಿದ್ರೆ ನಿನ್ನ ಕಕ್ಷಿದಾರರು ಒಂದಿಬ್ರು ಬಿಟ್ಟು ಹೋಗ್ತಾರ. ಅದನ್ನ ಮೊದ್ಲು ತಿಳ್ಕಾ."

"ತಿಳ್ಕೊಂಡೇ ಬಂದಿದೀನಿ ಸರ್."

"ಹಂಗಾದ್ರೆ ಕೇಳು." ಅವರು ಎದ್ದು ಕಪಾಟಿನಿಂದ ಪುಸ್ತಕಗಳನ್ನು ಒಂದೊಂದಾಗಿ ಇಳಿಸತೊಡಗಿದರು. "ಇಲ್ಲೇ ಹುಟ್ಟಿ, ಮದುವಿ ಆಗಿ ಅಲ್ಲಿಗೆ ಹೋಗಿ, ಗಂಡ ಸತ್ತ ಮ್ಯಾಲೆ ವಾಪಸ್ ಬಂದ ಹೆಣ್ಮಕ್ಕಳಿಗೆ ದೀರ್ಘಾವಧಿ ವೀಸಾ ಕೊಡಬೌದು ಅಂತ ಸರ್ಕಾರದ್ದೇ ಸೂಚನೆ ಐತಿ. ಅರ್ಜಿ ತಡ ಆಗಿದ್ದಕ್ಕ ಕಾರಣ ಐತಿ, ಅದನ್ನ ಹೇಳೂಣು. ಆದ್ರ ಒಂದು ಷರತ್ತು. ಅಲ್ಲಿ ಆಕಿನ್ನ ಸಾಕೋ ಗಂಡಸು ಯಾರೂ ಇರಬಾರ್ದು."

"ಒಬ್ಬ ಮಗ ಇದಾನೆ ಸರ್. ಇಪ್ಪತ್ತು ವಯಸ್ಸು. ಬಟ್ಟೆ ಅಂಗಡೀಲಿ ಕೆಲಸ."

"ಹೋದ ಸಲದ ಅರ್ಜಿಯೊಳಗ ಮಗನ ವಿಷಯ ಹೆಂಗ್ ಬಂತು?"

"ಆಗಿನ್ನೂ ಅವನು ಚಿಕ್ಕವನು, ದುಡೀತಿರಲಿಲ್ಲ."

ಶಂಭುಲಿಂಗಪ್ಪ ಪುಸ್ತಕ ಮುಚ್ಚಿದರು. "ಸಾಕೋರು ಇಲ್ಲ ಅಂತ ಬರಿ. ಬಟ್ಟಿ ಅಂಗಡಿ ಹುಡುಗ ತಾನೇ ಏನು ಸಾಕ್ಯಾನು? ಸುಳ್ಳೇನಲ್ಲ ಅದು."

ಮರುದಿನ ಬೆಳಿಗ್ಗೆ ಕಲಾವತಿ ಕರಡು ಅರ್ಜಿ ಹಿಡಿದು ಗೋವಿಂದರಾಜನಗರಕ್ಕೆ ಹೋದಳು. ಅಕ್ಕತಂಗಿಯರು ಬಾಡಿಗೆಗಿದ್ದದ್ದು ಅಕ್ಕಯ್ಯಮ್ಮನ ಮನೆಯ ಹಿಂಭಾಗದ ಒಂದು ಕೋಣೆಯಲ್ಲಿ, ಮುಂದೆ ಶೀಟು ಇಳಿಸಿದ ಜಗುಲಿ. ಜಗುಲಿಯಲ್ಲಿ ಬಿಲ್ಖೀಸ್ ಹಲಗೆಯ ಮುಂದೆ ಕೂತು ಊದುಬತ್ತಿ ಹೊಸೆಯುತ್ತಿದ್ದಳು. ಬಿದಿರ ಕಡ್ಡಿಯನ್ನು ಕಪ್ಪು ಹಿಟ್ಟಿಗೆ ತಾಗಿಸಿ ಅಂಗೈಯಿಂದ ಒಂದು ಸಲ ಮುಂದೆ ತಳ್ಳಿದರೆ ಮುಗಿಯಿತು, ಬತ್ತಿ ತಯಾರು. ಕಲಾವತಿಯನ್ನು ಕಂಡು ಕೈ ಒರೆಸಿಕೊಂಡು ಚಾಪೆ ಹಾಸಿದಳು.

ಕಲಾವತಿ ಅರ್ಜಿಯ ಇಂಗ್ಲಿಷನ್ನು ಸಾಲು ಸಾಲಾಗಿ ಕನ್ನಡದಲ್ಲಿ ಹೇಳುತ್ತ ಹೋದಳು. ಖಮರುನ್ನಿಸಾ ಹೂಂಗುಟ್ಟುತ್ತ ಕೇಳುತ್ತಿದ್ದಳು. 'ಅರ್ಜಿದಾರಳನ್ನು ನೋಡಿಕೊಳ್ಳುವವರು ಪಾಕಿಸ್ತಾನದಲ್ಲಿ ಯಾರೂ ಇಲ್ಲ' ಎಂಬಲ್ಲಿಗೆ ಬಂದಾಗ ಹೂಂಗುಡುವುದು ನಿಂತಿತು.

"ಅದು ಬೇಡ ಮೇಡಂ."

"ಯಾವುದು?"

"ತನ್ವೀರ್ ಇಲ್ಲ ಅಂತ ಬರೀಬೇಡಿ."

"ಮಗ ಇಲ್ಲ ಅಂತ ಬರ್ದಿಲ್ಲಮ್ಮ. ನೋಡ್ಕೊಳ್ಳೋರು ಇಲ್ಲ ಅಂತ ಬರ್ದಿದೀನಿ."

"ಎರಡೂ ಒಂದೇ ಅಲ್ವಾ ಮೇಡಂ." ಖಮರುನ್ನಿಸಾ ನೆಲ ನೋಡುತ್ತ ಮಾತಾಡಿದಳು. "ನಾನು ಇಲ್ಲಿಗೆ ಬಂದಾಗ ಅವನಿಗೆ ಹದಿನಾರು. ಒಂದು ತಿಂಗಳು ಅಂತ ಹೇಳಿ ಬಂದೆ. ಆಮೇಲೆ ಬರಲ್ಲ ಅಂದೆ. ಎರಡು ವರ್ಷ ಅವನು ಫೋನಿಗೇ ಬರಲಿಲ್ಲ. ಅವನ ಚಾಚಾ ಹಲೋ ಅಂತಿದ್ರು, ನಾನು ತನ್ವೀರ್ ಇದಾನಾ ಅಂತಿದ್ದೆ, ಇದಾನೆ, ಆದ್ರೆ ಬರಲ್ಲ ಅಂತಿದ್ರು. ಈಗ ಹಬ್ಬಕ್ಕೆ ಹಬ್ಬಕ್ಕೆ ಮಾತಾಡ್ತಾನೆ. ಬಂದುಬಿಡು ಅಮ್ಮೀ, ನಂಗೆ ಸಂಬಳ ಬರ್ತಿದೆ, ನಾನು ನೋಡ್ಕೋತೀನಿ ಅಂತಾನೆ. ನೋಡ್ಕೋತೀನಿ ಅನ್ನೋ ಮಗನ್ನ ಇಲ್ಲ ಅಂತ ಕೋರ್ಟಲ್ಲಿ ಹೇಳಿದ್ರೆ, ನಾಳೆ ಅವನ ಕಿವಿಗೆ ಬಿದ್ರೆ ಮೇಡಂ?"

"ಹೇಳದೇ ಇದ್ರೆ ನಿಮ್ಮನ್ನ ಕಳಿಸ್ತಾರೆ."

"ಗೊತ್ತು."

ಕಲಾವತಿಗೆ ಸಿಟ್ಟು ಬಂತು. ತನ್ನನ್ನು ಇಲ್ಲಿಯವರೆಗೂ ಎಳೆದು ತಂದವಳು ಈಗ ಇರುವ ಒಂದೇ ಬಾಗಿಲನ್ನು ತಾನೇ ಮುಚ್ಚುತ್ತಿದ್ದಾಳೆ ಅನ್ನಿಸಿತು. "ಹಾಗಾದ್ರೆ ಹೋಗಿ," ಎಂಬ ಮಾತು ತುಟಿಯವರೆಗೂ ಬಂತು. ಆಗಲೇ ಅಕ್ಕಯ್ಯಮ್ಮ ಕಾಫಿ ಲೋಟ ಹಿಡಿದು ಬಂದಳು. ಇಬ್ಬರ ಮುಖ ನೋಡಿ ಏನೋ ಕೆಟ್ಟಿದೆ ಎಂದು ಅವಳಿಗೆ ಗೊತ್ತಾಯಿತು.

"ಮೊನ್ನೆ ಇವ್ಳನ್ನ ಸ್ಟೇಷನ್‌ಗೆ ಕರ್ಕೊಂಡೋಗಿ ಸಂಜೆಗಂಟ ಕೂರ್ಸಿದ್ರು," ಎಂದು ತಾನಾಗಿಯೇ ಶುರು ಮಾಡಿದಳು. "ಆ ಮೂಗಿ ನಮ್ಮ ಜಗಲಿ ಮೇಲೆ ಕೂತವಳು ಒಂದೇ ಸಮ ಕೈ ಆಡಿಸ್ತಾಳೆ. ಹಿಂಗ್ ಹಿಂಗೆ." ಐದೂ ಬೆರಳನ್ನು ಮೇಲಕ್ಕೆತ್ತಿ ನಡುಗಿಸಿ ತೋರಿಸಿದಳು. "ಹೊಟ್ಟೆ ಹಸ್ದಿರ್ಬೇಕು ಅಂತ ಅನ್ನ ಇಕ್ಕಿದೆ, ಮುಟ್ನಿಲ್ಲ. ನೀರು ಕೊಟ್ಟೆ. ಬಚ್ಚಲಿಗೆ ಕರ್ಕೊಂಡೋದೆ. ಬೀದಿ ಹೆಂಗಸ್ರೆಲ್ಲಾ ಬಂದು ನೋಡಿದ್ರು. ಒಬ್ರಿಗೂ ತಿಳೀನಿಲ್ಲ ಕಣವ್ವ. ಇವ್ಳು ಬಂದು ಬಾಗ್ಲಲ್ಲೇ ನೋಡಿದ್ಲು, ಓಡ್ಬಂದು ಸೀರೆ ಎತ್ತಿದ್ಲು. ಬಿಸ್ನೀರು ಬಿದ್ದು ಮೊಣಕಾಲಿಂದ ಕೆಳಗೆ ಬೊಬ್ಬೆ ಎದ್ದಿತ್ತು. ಬೆಂಕಿ ಅಂತಿದ್ಲಂತೆ ಪಾಪ ಅವ್ಳು, ಬೆಳಗಿಂದ. ನಾನು ಅನ್ನ ಇಕ್ತಾ ಇದ್ದೆ."

ಅಕ್ಕಯ್ಯಮ್ಮ ಸೆರಗಿನಿಂದ ಕಣ್ಣು ಒತ್ತಿಕೊಂಡಳು. ಜಗುಲಿಯಿಂದ ಬಿಲ್ಖೀಸ್ ಇತ್ತ ನೋಡಿದಳು, ತನ್ನ ಮಾತೇ ನಡೆದಿದೆ ಎಂದು ತಿಳಿದು ಕಾಲನ್ನು ಸೀರೆಯೊಳಗೆ ಎಳೆದುಕೊಂಡಳು.

"ನನ್ನನ್ನ ಸಾಕೋಕೆ ಅಲ್ಲಿ ಯಾರಿದಾರೆ ಅಂತ ಕೇಳ್ತಾರೆ," ಎಂದಳು ಖಮರುನ್ನಿಸಾ. "ಇದಾನೆ ಮೇಡಂ, ನನ್ನ ಮಗ ಇದಾನೆ. ಆಪಾನ ಸಾಕೋಕೆ ಇಲ್ಲಿ ಯಾರಿದಾರೆ ಅಂತ ಯಾಕೆ ಕೇಳಲ್ಲ? ಅದಕ್ಕೆ ರೂಲ್ಸ್ ಇಲ್ವಾ?"

ಕಾಫಿ ಆರುವವರೆಗೂ ಕಲಾವತಿ ಲೋಟವನ್ನು ಕೈಯಲ್ಲೇ ಹಿಡಿದು ಕೂತಿದ್ದಳು. ಆಮೇಲೆ ಚೀಲದಿಂದ ಪೆನ್ನು ತೆಗೆದು ಆ ಸಾಲನ್ನು ಹೊಡೆದು ಹಾಕಿದಳು. ಅಂಚಿನಲ್ಲಿ ಬರೆಯುತ್ತ ಹೋದಳು; ಅಂಚು ಸಾಲದೆ ಹಾಳೆಯ ಹಿಂಬದಿಗೆ ಹೋದಳು. ಮಗನಿದ್ದಾನೆ, ಕರೆಯುತ್ತಿದ್ದಾನೆ, ಆದರೂ ಈಕೆ ಹೋಗಲಾರಳು. ಭಾರತದ ಪ್ರಜೆಯಾದ ಒಬ್ಬ ಕಿವುಡ ಹೆಂಗಸಿನ ಮಾತು ತಿಳಿಯುವವರು ಈ ದೇಶದಲ್ಲಿ ಈಕೆಯೊಬ್ಬಳೇ. ಬರೆದು ಮುಗಿಸಿ ಅಕ್ಕಯ್ಯಮ್ಮನನ್ನು ಕೇಳಿದಳು. "ಈಗ ಹೇಳಿದ್ರಲ್ಲ, ಅದನ್ನ ಪ್ರಮಾಣ ಮಾಡಿ ಬರ್ದುಕೊಡ್ತೀರಾ? ನಿಮ್ಮ ಹೆಸರು ಬರುತ್ತೆ. ಆಮೇಲೆ ಯಾರಾದ್ರೂ ಏನಾದ್ರೂ ಅನ್ನಬೋದು."

"ಅನ್ಲಿ ಬಿಡವ್ವ," ಎಂದಳು ಅಕ್ಕಯ್ಯಮ್ಮ. "ನಮ್ಮಾವನ ಕಾಲದಿಂದ ಇದೇ ಊರು. ನಾನೆಲ್ಲಿಗೋಗ್ಲಿ."

ಶಂಭುಲಿಂಗಪ್ಪನವರು ಹೊಸ ಕರಡು ಓದಿ ಕನ್ನಡಕ ತೆಗೆದರು. "ಇದ್ದ ಒಂದು ಊರುಗೋಲೂ ಬಿಟ್ಟು ಬಂದೀಯಲ್ಲವಾ," ಎಂದರು. ಆದರೂ ಆ ಸಂಜೆಯೆಲ್ಲ ಕೂತು ಹಳೆಯ ತೀರ್ಪುಗಳನ್ನು ಹುಡುಕಿಕೊಟ್ಟರು. ಕಳಿಸುವಾಗ ಬಾಗಿಲವರೆಗೂ ಬಂದು, "ಕೋರ್ಟಿನ್ಯಾಗ ಅವಸರ ಮಾಡಬ್ಯಾಡ. ಜಡ್ಜು ಪ್ರಶ್ನೆ ಕೇಳಿದ್ರ ಒಂದು ಉಸಿರು ತಗಂಡು ಆಮೇಲೆ ಮಾತಾಡು," ಎಂದರು.

ವಿಚಾರಣೆಯ ದಿನ ಹೈಕೋರ್ಟಿನ ಆ ಕೋಣೆ ತುಂಬಿತ್ತು. ಅಕ್ಕತಂಗಿಯರು ಹಿಂದಿನ ಬೆಂಚಿನಲ್ಲಿ ಕೂತರು, ಅಕ್ಕಯ್ಯಮ್ಮ ಪಕ್ಕದಲ್ಲಿ. ಬಿಲ್ಖೀಸ್‌ಳನ್ನು ಮನೆಯಲ್ಲಿ ಒಬ್ಬಳನ್ನೇ ಬಿಟ್ಟು ಬರುವ ಧೈರ್ಯ ಯಾರಿಗೂ ಇರಲಿಲ್ಲ. ಕಲಾವತಿ ಗೌನಿನ ತೋಳಿನೊಳಗೆ ಬೆರಳುಗಳನ್ನು ಅಡಗಿಸಿಕೊಂಡು ನಿಂತಿದ್ದಳು.

ಕೇಸಿನ ಸಂಖ್ಯೆ ಕೂಗಿದರು. ಕೇಂದ್ರ ಸರ್ಕಾರದ ವಕೀಲರು ಮೊದಲು ಎದ್ದರು. ಅವರೇನೂ ಕಟುವಾಗಿ ಮಾತಾಡಲಿಲ್ಲ. ವೀಸಾ ಮುಗಿದು ವರ್ಷವಾಗುತ್ತ ಬಂದಿದೆ, ದೇಶದ ಪರಿಸ್ಥಿತಿ ಹೀಗಿದೆ, ಅರ್ಜಿದಾರಳಿಗೆ ಅಲ್ಲಿ ದುಡಿಯುವ ಮಗನಿದ್ದಾನೆಂದು ಅವಳೇ ಒಪ್ಪಿದ್ದಾಳೆ, ಆದ್ದರಿಂದ ಸರ್ಕಾರದ ಸೂಚನೆ ಅವಳಿಗೆ ಅನ್ವಯಿಸದು ಎಂದು ಹೇಳಿ ಕೂತರು. ಕಲಾವತಿ ಎದ್ದಳು. ಬಾಯಿಪಾಠ ಮಾಡಿಕೊಂಡು ಬಂದ ಇಂಗ್ಲಿಷಿನ ಮೊದಲ ವಾಕ್ಯ ಅರ್ಧಕ್ಕೆ ಬಂದು ಮರೆತುಹೋಯಿತು. ಒಂದು ಉಸಿರು ತೆಗೆದುಕೊಂಡಳು. ಆಮೇಲೆ ಬಾಯಿಪಾಠ ಬಿಟ್ಟು, ನಡೆದದ್ದನ್ನು ನಡೆದ ಹಾಗೆ ಹೇಳಿದಳು. ಬಿಸಿನೀರು ಬಿದ್ದ ದಿನದ ಸಂಗತಿಯನ್ನೂ ಬಿಡಲಿಲ್ಲ.

ನ್ಯಾಯಾಧೀಶರು ವಯಸ್ಸಾದವರು. ಕಾಗದದಿಂದ ಕಣ್ಣೆತ್ತಿ, "ಅರ್ಜಿದಾರರು ಬಂದಿದ್ದಾರೆಯೇ?" ಎಂದು ಕೇಳಿದರು. ಖಮರುನ್ನಿಸಾ ಮುಂದೆ ಬಂದಳು. ಅವಳ ಹಿಂದೆಯೇ, ಅಕ್ಕಯ್ಯಮ್ಮ ಹಿಡಿದರೂ ನಿಲ್ಲದೆ, ಬಿಲ್ಖೀಸ್ ಕೂಡ ಎದ್ದು ಬಂದಳು. ಕೋರ್ಟಿನ ಜವಾನ ತಡೆಯಲು ಹೋದ. ನ್ಯಾಯಾಧೀಶರು ಬೇಡವೆಂದು ಕೈಸನ್ನೆ ಮಾಡಿದರು.

"ಕನ್ನಡ ಬರುತ್ತೇನಮ್ಮ?"

"ಬರುತ್ತೆ ಸ್ವಾಮಿ."

"ನಿಮ್ಮ ಮಗ ಅಲ್ಲಿಗೆ ಕರೀತಾ ಇದಾನಂತೆ. ತಾಯಿಯಾದವರಿಗೆ ಮಗನ ಹತ್ರ ಹೋಗೋ ಆಸೆ ಇಲ್ವಾ?"

ಈ ಪ್ರಶ್ನೆಗೆ ಕಲಾವತಿ ಖಮರುನ್ನಿಸಾಳನ್ನು ತಯಾರು ಮಾಡಿರಲಿಲ್ಲ.

"ಇದೆ ಸ್ವಾಮಿ," ಎಂದಳು ಖಮರುನ್ನಿಸಾ. "ದಿನಾ ಇದೆ. ಅವನಿಗೆ ಬಾಯಿದೆ ಸ್ವಾಮಿ. ಹಸಿವಾದ್ರೆ ಹೇಳ್ತಾನೆ, ಜ್ವರ ಬಂದ್ರೆ ಹೇಳ್ತಾನೆ, ಯಾರಾದ್ರೂ ಕೇಳಿಸ್ಕೋತಾರೆ. ಇವಳು ಹೇಳಿದ್ರೆ ನಾನು ಮಾತ್ರ ಕೇಳಿಸ್ಕೊಳ್ಳೋದು. ಅಮ್ಮ ಇದ್ದಾಗ ಅಮ್ಮನಿಗೆ ತಿಳೀತಿತ್ತು."

ಅಷ್ಟರಲ್ಲಿ ಬಿಲ್ಖೀಸ್ ತಂಗಿಯ ತೋಳು ಜಗ್ಗಿ, ಮೇಲೆ ಬೆರಳು ತೋರಿಸಿ, ಅಂಗೈಯನ್ನು ಗರಗರ ತಿರುಗಿಸಿ, ನ್ಯಾಯಾಧೀಶರತ್ತ ಕೈಮಾಡಿ ಏನೋ ಹೇಳತೊಡಗಿದಳು. ಖಮರುನ್ನಿಸಾ ಅವಳ ಕೈ ಹಿಡಿದು ಕೆಳಗಿಳಿಸಿದಳು. ಅವಳು ಬಿಡಿಸಿಕೊಂಡು ಮತ್ತೆ ಅದನ್ನೇ ಹೇಳಿದಳು, ಈ ಸಲ ಇನ್ನೂ ಜೋರಾಗಿ.

"ಏನು ಹೇಳ್ತಿದಾರೆ?" ಎಂದರು ನ್ಯಾಯಾಧೀಶರು.

"ಏನಿಲ್ಲ ಸ್ವಾಮಿ. ಅವಳಿಗೆ ಗೊತ್ತಾಗಲ್ಲ."

"ಪರವಾಗಿಲ್ಲ, ಹೇಳಿ."

ಖಮರುನ್ನಿಸಾ ಒಮ್ಮೆ ಕಲಾವತಿಯನ್ನು ನೋಡಿದಳು. "ಆ ಫ್ಯಾನು ಅಲ್ಲಾಡ್ತಿದೆ, ಕೆಳಗೆ ಕೂತಿರೋ ಅಜ್ಜ ಸ್ವಲ್ಪ ಸರಿದು ಕೂತ್ಕೊಳ್ಳಲಿ ಅಂತಿದಾಳೆ ಸ್ವಾಮಿ."

ಎಲ್ಲರೂ ಮೇಲೆ ನೋಡಿದರು. ಎತ್ತರದ ಚಾವಣಿಯಿಂದ ಉದ್ದನೆಯ ಕಂಬಿಯಲ್ಲಿ ಇಳಿಬಿಟ್ಟ ಹಳೆಯ ಫ್ಯಾನು ನಿಜಕ್ಕೂ ಓಲಾಡುತ್ತ ತಿರುಗುತ್ತಿತ್ತು. ಹಿಂದಿನ ಸಾಲಿನಲ್ಲಿ ಯಾರೋ ಕಿರಿಯ ವಕೀಲರು ಕಿಸಕ್ಕೆಂದರು. ಸರ್ಕಾರದ ವಕೀಲರೂ ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡರು. ನ್ಯಾಯಾಧೀಶರು ಸ್ವಲ್ಪ ಹೊತ್ತು ಫ್ಯಾನನ್ನೇ ನೋಡಿದರು. ಆಮೇಲೆ ನಗದೆ, ಗಂಭೀರವಾಗಿಯೇ, ಕುರ್ಚಿಯನ್ನು ಒಂದು ಗೇಣು ಬಲಕ್ಕೆ ಸರಿಸಿಕೊಂಡರು. ಬಿಲ್ಖೀಸ್ ಸಮಾಧಾನದಿಂದ ತಲೆಯಾಡಿಸಿದಳು.

"ಈಕೆಯನ್ನ ಯಾವ ದಾರೀಲಿ ಕಳಿಸ್ತೀರಿ?" ಎಂದು ಅವರು ಸರ್ಕಾರದ ವಕೀಲರನ್ನು ಕೇಳಿದರು. "ರೈಲು ನಿಂತಿದೆ, ಬಸ್ಸು ನಿಂತಿದೆ, ವಿಮಾನ ಹಾರ್ತಾ ಇಲ್ಲ."

"ಸರ್ಕಾರದಿಂದ ಸೂಚನೆ ಪಡೆದು ತಿಳಿಸ್ತೇನೆ ಸ್ವಾಮಿ," ಎಂದರು ಅವರು.

"ಅದರ ಜೊತೆಗೆ ಇನ್ನೊಂದನ್ನೂ ಕೇಳಿ ತಿಳಿಸಿ. ಈಕೆ ಹೋದ ಮೇಲೆ ಇವರ ಮಾತು ಯಾರಿಗೆ ತಿಳಿಯುತ್ತೆ ಅಂತ."

ಆದೇಶ ಅಲ್ಲಿಯೇ ಬರೆಸಿದರು. ತಡವಾಗಿದೆ ಎಂಬ ಕಾರಣಕ್ಕೆ ಅರ್ಜಿಯನ್ನು ತಳ್ಳಿಹಾಕಬಾರದು. ಅಕ್ಕನ ಸ್ಥಿತಿಯನ್ನೂ ಗಣನೆಗೆ ತೆಗೆದುಕೊಂಡು ಸರ್ಕಾರ ತೀರ್ಮಾನ ಮಾಡಬೇಕು. ಅಲ್ಲಿಯವರೆಗೆ ಅರ್ಜಿದಾರಳನ್ನು ದೇಶದಿಂದ ಕಳಿಸಬಾರದು. ವಾರಕ್ಕೊಮ್ಮೆ ಅವಳು ಠಾಣೆಗೆ ಹೋಗಿ ಹಾಜರಿ ಹಾಕಬೇಕು. ಹೊರಗೆ ಕಾರಿಡಾರಿನಲ್ಲಿ ಕಲಾವತಿ ಅದನ್ನು ವಿವರಿಸಿ ಹೇಳಿದಾಗ ಖಮರುನ್ನಿಸಾ ಕಂಬಕ್ಕೆ ಒರಗಿ ಕೂತುಬಿಟ್ಟಳು. ಅವಳು ಅಕ್ಕನಿಗೆ ಹೇಳಿದ್ದು ಒಂದೇ ಸನ್ನೆ: ಇಲ್ಲೇ ಇರುತ್ತೇನೆ ಎಂದು ಎರಡೂ ಅಂಗೈಯನ್ನು ನೆಲದ ಮೇಲೆ ಊರಿ ಒತ್ತಿದಳು. ಬಿಲ್ಖೀಸ್ ಅದನ್ನು ನೋಡಿ, ಇದರಲ್ಲಿ ಹೇಳುವುದೇನಿದೆ ಎಂಬಂತೆ ತಂಗಿಯನ್ನು ಎಬ್ಬಿಸಿ ಬುರ್ಖಾದ ಧೂಳು ಕೊಡವಿದಳು.

ತೀರ್ಮಾನ ಬೇಗ ಬರಲಿಲ್ಲ. ಮಳೆಗಾಲ ಮುಗಿಯಿತು, ದಸರೆ ಮುಗಿಯಿತು. ಪ್ರತಿ ಸೋಮವಾರ ಖಮರುನ್ನಿಸಾ ಅಕ್ಕನ ಜೊತೆ ಠಾಣೆಗೆ ಹೋಗಿ ಸಹಿ ಹಾಕಿ ಬರುತ್ತಿದ್ದಳು. ಮೊದಮೊದಲು ಹೊರಗೆ ನಿಲ್ಲಿಸುತ್ತಿದ್ದವರು ಆಮೇಲೆ ಬೆಂಚು ತೋರಿಸತೊಡಗಿದರು. ಶಂಭುಲಿಂಗಪ್ಪನವರು ಹೇಳಿದಂತೆಯೇ ಒಬ್ಬ ಮನೆ ಮಾಲೀಕ ಬಂದು ತನ್ನ ಫೈಲು ಕೊಡಿ ಎಂದು ತೆಗೆದುಕೊಂಡು ಹೋದ. ಕಾರಣ ಹೇಳಲಿಲ್ಲ, ಕಲಾವತಿ ಕೇಳಲೂ ಇಲ್ಲ. ಒಂದು ದಿನ ಜ್ಞಾನಭಾರತಿಯಲ್ಲಿ ಓದುತ್ತಿದ್ದ ಸುಡಾನ್ ದೇಶದ ಯುವಕನೊಬ್ಬ ಮೆಟ್ಟಿಲು ಹತ್ತಿ ಬಂದ. ಪರೀಕ್ಷೆ ಬಾಕಿ ಇರುವಾಗಲೇ ಅವನ ವೀಸಾ ಮುಗಿದಿತ್ತು, ಅವನಿಗೂ ಅಂಥದೇ ನೋಟಿಸು. ಇಲ್ಲಿಗೆ ಹೋಗು ಎಂದು ವಿಳಾಸ ಬರೆದುಕೊಟ್ಟವನು ಖಮರುನ್ನಿಸಾಳ ಹಾಜರಿ ತೆಗೆದುಕೊಳ್ಳುತ್ತಿದ್ದ ಅದೇ ಠಾಣೆಯ ಕಾನ್‌ಸ್ಟೇಬಲ್. ಕಲಾವತಿ ಆ ಯುವಕನಿಗೆ ಮೊದಲು ಕುರ್ಚಿ ತೋರಿಸಿದಳು. ಆಗಲ್ಲ ಎನ್ನುವ ಯೋಚನೆ ಈ ಸಲ ಬರಲೇ ಇಲ್ಲ.

ಸಂಕ್ರಾಂತಿ ಕಳೆದ ಮೇಲೆ ದೆಹಲಿಯಿಂದ ಉತ್ತರ ಬಂತು. ಒಂದು ವರ್ಷದ ವೀಸಾ. ಮುಂದಿನ ವರ್ಷ ಮತ್ತೆ ಅರ್ಜಿ ಕೊಡಬೇಕು, ಅದರ ಮುಂದಿನ ವರ್ಷ ಮತ್ತೆ. "ಅಷ್ಟರಲ್ಲಿ ಪೌರತ್ವಕ್ಕೂ ಹಾಕೋಣ. ಅದು ನಿಧಾನ ಆಗುತ್ತೆ," ಎಂದಳು ಕಲಾವತಿ. "ಈ ಸಲ ತಾರೀಖು ನಾನು ನೆನಪಿಟ್ಕೊಂಡಿರ್ತೀನಿ."

ಪಾಸ್‌ಪೋರ್ಟಿನಲ್ಲಿ ಮುದ್ರೆ ಒತ್ತಿಸಿಕೊಂಡು ಬರುವಾಗ ಮಾಗಡಿ ರಸ್ತೆಯ ಒಂದು ಫೋನ್ ಬೂತಿನ ಮುಂದೆ ಖಮರುನ್ನಿಸಾ ನಿಂತಳು. "ಮೇಡಂ, ತನ್ವೀರ್‌ಗೆ ಹೇಳಬೇಕು. ಬೇರೆಯವರಿಂದ ತಿಳಿಯೋದು ಬೇಡ," ಎಂದಳು. ಅಕ್ಕತಂಗಿಯರು ಒಳಗೆ ಹೋದರು; ಮೂವರಿಗೂ ಬೂತಿನೊಳಗೆ ಜಾಗವಿರಲಿಲ್ಲ. ಕಲಾವತಿ ಹೊರಗೆ ಅಂಗಡಿಯ ಕಟ್ಟೆಯ ಮೇಲೆ ಕೂತಳು. ಗಾಜಿನ ಬಾಗಿಲು ಸರಿಯಾಗಿ ಮುಚ್ಚುತ್ತಿರಲಿಲ್ಲ, ಮಾತು ಹೊರಗೆ ಕೇಳುತ್ತಿತ್ತು.

ಖಮರುನ್ನಿಸಾ ಉರ್ದುವಿನಲ್ಲಿ ಮೆಲ್ಲಗೆ ಮಾತಾಡಿದಳು. ಸಿಕ್ಕಿತು ಎಂದಳು. ಇಲ್ಲೇ ಇರುತ್ತೇನೆ ಎಂದಳು. ಆಮೇಲೆ ರಿಸೀವರನ್ನು ಎರಡೂ ಕೈಯಿಂದ ಹಿಡಿದು ತಲೆ ತಗ್ಗಿಸಿ ನಿಂತಿದ್ದಳು. ಆ ಕಡೆಯಿಂದ ಮಾತು ಬರುತ್ತಿಲ್ಲವೆಂದು ಕಲಾವತಿಗೆ ಅನ್ನಿಸಿತು. ಫೋನು ಕೆಳಗಿಡುತ್ತಾಳೇನೋ ಎಂದುಕೊಳ್ಳುವಷ್ಟರಲ್ಲಿ ಖಮರುನ್ನಿಸಾ ತಲೆಯೆತ್ತಿದಳು.

"ಅವಳಿಗೆ ಕೇಳಿಸಲ್ವಲ್ಲ ಬೇಟಾ," ಎಂದಳು. ಸ್ವಲ್ಪ ತಡೆದು, "ಆಯ್ತು, ಕೊಡ್ತೀನಿ," ಎಂದಳು.

ಅವಳು ಬಾಗಿಲು ಸರಿಸಿ ಕಲಾವತಿಯ ಕಡೆ ನೋಡಿದಳು. "ಆಪಾಗೆ ಫೋನ್ ಕೊಡು ಅಂತಿದಾನೆ ಮೇಡಂ. ಖಾಲಾ ಹತ್ರ, ದೊಡ್ಡಮ್ಮನ ಹತ್ರ ಮಾತಾಡ್ಬೇಕಂತೆ. ಇದುವರೆಗೂ ಕೇಳಿರಲಿಲ್ಲ."

ಬಿಲ್ಖೀಸ್‌ಗೆ ಯಾರೆಂದು ತಂಗಿ ಸನ್ನೆಯಲ್ಲಿ ತಿಳಿಸಿದಳು. ಅವಳು ಸೆರಗಿನಿಂದ ಅಂಗೈ ಒರೆಸಿಕೊಂಡು ರಿಸೀವರ್ ತೆಗೆದುಕೊಂಡಳು. ಕಿವಿಗೆ ಹಿಡಿಯಲಿಲ್ಲ. ಕೆನ್ನೆಗೆ ಒತ್ತಿಕೊಂಡಳು, ಆಮೇಲೆ ಕುತ್ತಿಗೆಯ ಕೆಳಗೆ ಎದೆಯ ಮೂಳೆಯ ಮೇಲೆ ಇಟ್ಟುಕೊಂಡು ಕಣ್ಣು ಮುಚ್ಚಿದಳು. ಹುಡುಗ ದೊಡ್ಡ ದನಿಯಲ್ಲೇ ಮಾತಾಡುತ್ತಿರಬೇಕು. ಕಟ್ಟೆಯ ಮೇಲೆ ಕೂತ ಕಲಾವತಿಗೂ ಅದರ ಗುಂಯ್‌ಗುಡುವಿಕೆ ಕೇಳಿಸಿತು, ಮಾತು ತಿಳಿಯಲಿಲ್ಲ. ಸಾಕೇ ಎಂದು ಖಮರುನ್ನಿಸಾ ಕೈ ಚಾಚಿದಳು. ಬಿಲ್ಖೀಸ್ ಕಣ್ಣು ತೆರೆಯದೆ ಒಂದು ಬೆರಳೆತ್ತಿ ತಡಿ ಎಂದಳು.